ದೊಡ್ಡಮ್ಮ, ಚಿಕ್ಕಮ್ಮ ಮತ್ತು ಭೂತಗನ್ನಡಿ

ಹಿಂದಿನಿಂದ ಅವನನ್ನು ಎಲ್ಲರೂ ಭೂತಗನ್ನಡಿ ಅನ್ನುತ್ತಿದ್ದರು, ಎದುರಿಗೆ ಸಾರ್ ಅನ್ನುತ್ತಿದ್ದರು. ಎರಡೂ ಅವನಿಗೆ ಗೊತ್ತಿತ್ತು, ಮೊದಲನೆಯದೇ ಹೆಚ್ಚು ಇಷ್ಟ. ಸಾರ್ ಅಂತ ಬಸ್ಸಿನ ಕಂಡಕ್ಟರನನ್ನೂ ಕರೆಯುತ್ತಾರೆ. ಭೂತಗನ್ನಡಿ ಅನ್ನಿಸಿಕೊಳ್ಳಬೇಕಾದರೆ ಕಣ್ಣು ಬೇಕು. ಅಂಥ ಕಣ್ಣು ಇರುವುದು ತನಗೊಬ್ಬನಿಗೇ ಅಂತ ಅವನು ನಂಬಿದ್ದ, ಬೇರೆ ಯಾವುದನ್ನೂ ಅಷ್ಟು ಗಟ್ಟಿಯಾಗಿ ನಂಬಿರಲಿಲ್ಲ.

ಜಾನುವಾರು ರೋಗ ಪತ್ತೆಮಾಡುವ ಸರ್ಕಾರಿ ಪ್ರಯೋಗಾಲಯದಲ್ಲಿ ಅವನ ಕೆಲಸ ಉಣ್ಣೆ ಗುರುತಿಸುವುದು. ದನ, ಕುರಿ, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರಿ ಕಾಳಿನ ಹಾಗೆ ಉಬ್ಬುತ್ತವಲ್ಲ, ಅವು. ಅವುಗಳಲ್ಲಿ ನೂರೆಂಟು ಜಾತಿ. ಕೆಲವು ಹೊಟ್ಟೆ ತುಂಬ ಕುಡಿದು ಉದುರಿಹೋಗುತ್ತವೆ, ಕೆಲವು ಕುಡಿದ ಜಾಗದಲ್ಲಿ ಜ್ವರ ಬಿಟ್ಟುಹೋಗುತ್ತವೆ. ಯಾವುದು ಯಾವ ಜಾತಿ ಅಂತ ಹೇಳುವವನು ಅವನು. ಯಾರಾದರೂ ಬಾಯಿತಪ್ಪಿ ಅದನ್ನು ಹುಳು ಅಂದರೆ ಅವತ್ತು ಅವರಿಗೆ ಗ್ರಹಚಾರ. “ಎಂಟು ಕಾಲಿರೋದನ್ನ ಹುಳ ಅಂತೀಯಲ್ಲ, ನಾಳೆ ಜೇಡನ್ನ ನೊಣ ಅಂತೀಯ, ನಾಳಿದ್ದು ನನ್ನನ್ನ ಮನುಷ್ಯ ಅಂತೀಯ” ಅನ್ನುತ್ತಿದ್ದ. ಕೊನೆಯದನ್ನು ಅವನ ಸಹೋದ್ಯೋಗಿಗಳು ಯಾರೂ ಅಂದದ್ದಿಲ್ಲ.

ಅವನ ತಿರಸ್ಕಾರ ಬೆಳಗ್ಗೆ ಕೋಣೆಯ ಬೀಗದ ಜೊತೆಗೇ ತೆರೆದುಕೊಳ್ಳುತ್ತಿತ್ತು. ಮೊದಲ ಪಾಲು ಉಣ್ಣೆ ತಂದುಕೊಡುವವರಿಗೆ. ಒಬ್ಬ ಬೆಂಕಿಪೊಟ್ಟಣದಲ್ಲಿ ತರುತ್ತಿದ್ದ, ಅದು ಒಣಗಿ ಸಿಪ್ಪೆಯಾಗಿರುತ್ತಿತ್ತು. ಇನ್ನೊಬ್ಬ ಕೆಡಬಾರದು ಅಂತ ಜೇನುತುಪ್ಪದಲ್ಲಿ ಮುಳುಗಿಸಿ ತಂದಿದ್ದ. ಸ್ಪಿರಿಟ್ಟಿನಲ್ಲಿ ಹಾಕಿ ತನ್ನಿ ಅಂತ ಗೋಡೆ ತುಂಬ ಬರೆಸಿದ್ದರೂ ಅಷ್ಟೆ. ಎರಡನೆಯ ಪಾಲು ಪಶುವೈದ್ಯರಿಗೆ. ಅವನು ಚಿಕ್ಕಂದಿನಲ್ಲಿ ಪಶುವೈದ್ಯನಾಗಬೇಕು ಅಂತ ಆಸೆಪಟ್ಟು, ಅಂಕ ಸಾಲದೆ ಪ್ರಾಣಿಶಾಸ್ತ್ರ ಓದಿದವನು. ಆ ಹುಳಿದ್ರಾಕ್ಷಿ ಇನ್ನೂ ಬಾಯಲ್ಲೇ ಇತ್ತು. ವೈದ್ಯರು ಉಣ್ಣೆಯನ್ನು ಉಗುರಿನಲ್ಲಿ ಹಿಡಿದು ಕಿತ್ತರೆ ಬಾಯಿ ದನದ ಚರ್ಮದಲ್ಲೇ ಉಳಿದು ಬರೀ ಮೈ ಬಾಟಲಿಗೆ ಬರುತ್ತಿತ್ತು. “ಮುಖ ಅಲ್ಲಿ, ಮುಂಡ ಇಲ್ಲಿ. ಹೆಸರು ಹೇಳೋಕೆ ನಾನೇನು ಶಾಸ್ತ್ರ ಹೇಳೋನಾ?” ಅಂತ ಫೋನಿನಲ್ಲಿ ಕಿರುಚಿ ಇಟ್ಟುಬಿಡುತ್ತಿದ್ದ. ಮೂರನೆಯ ಪಾಲು ನಿರ್ದೇಶಕರಿಗೆ. ಅವರ ಬಗ್ಗೆ ಅವನು ಕಿರುಚುತ್ತಿರಲಿಲ್ಲ, ಬಾಗಿಲು ಹಾಕಿಕೊಂಡು ಗೊಣಗುತ್ತಿದ್ದ. ಧೈರ್ಯವಂತರ ತಿರಸ್ಕಾರಕ್ಕೂ ಒಂದು ಎಲ್ಲೆ ಇರುತ್ತದೆ.

ಅವನಿಗೆ ಕೆಲಸ ಬರುತ್ತಿತ್ತು, ಅದನ್ನು ಒಪ್ಪಬೇಕು. ಬಾಯಿ ಉದ್ದವೋ ಮೋಟೋ, ಬೆನ್ನಿನ ಚಿಪ್ಪಿನ ಅಂಚಿನಲ್ಲಿ ಕಣ್ಣಿದೆಯೋ ಇಲ್ಲವೋ, ಹಿಂಭಾಗದ ಅಂಚಿಗೆ ಮಡಿಕೆಗಳು ಎಷ್ಟು, ಹೊಟ್ಟೆಯ ಕೆಳಗಿನ ಗೆರೆ ಹೇಗೆ ಬಾಗಿದೆ ಅಂತ ಒಂದೊಂದೇ ನೋಡುತ್ತ ಅವನು ಜಾತಿಗೆ ಬರುತ್ತಿದ್ದ. ಆದರೆ ನೋಡುವ ಮೊದಲು ತೊಳೆಯುತ್ತಿದ್ದ. ಕೊಳೆ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಸೆಗಣಿ, ಮಣ್ಣು, ಹಿಕ್ಕೆ, ರಕ್ತದ ಹೆಕ್ಕಳೆ ಮೆತ್ತಿಕೊಂಡ ಉಣ್ಣೆ ಅಂದರೆ ಅದನ್ನು ಕಳಿಸಿದವರ ಮುಖವನ್ನೇ ನೋಡಿದಂತೆ. ಸಿಂಕಿನ ಪಕ್ಕ ಅವನದೊಂದು ಮಕ್ಕಳ ಟೂತ್‌ಬ್ರಷ್ ಇತ್ತು. ಸೋಪಿನ ನೀರಿನಲ್ಲಿ ಅದ್ದಿ, ಉಣ್ಣೆಯನ್ನು ಬೆರಳ ತುದಿಯಲ್ಲಿ ಒತ್ತಿ ಹಿಡಿದು, ಬೆನ್ನು, ಹೊಟ್ಟೆ, ಪಕ್ಕೆ, ಕಾಲಿನ ಸಂದು ಎಲ್ಲ ಉಜ್ಜುತ್ತಿದ್ದ. ಮೆತ್ತನೆಯ ಕುಂಚ ಸಾಕು ಅಂತ ಪುಸ್ತಕಗಳು ಹೇಳುತ್ತವೆ. ಪುಸ್ತಕ ಬರೆದವರಿಗೆ ಇಲ್ಲಿಯ ಕೊಳೆ ಗೊತ್ತಿಲ್ಲ ಅಂತ ಅವನು ಹೇಳುತ್ತಿದ್ದ. ಉಜ್ಜಿ ಮುಗಿಸಿದ ಮೇಲೆ ಅದು ಗುಂಡಿಯ ಹಾಗೆ ಹೊಳೆಯುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ, ಹೆಸರು ಹೇಳುತ್ತಿದ್ದ. ಮುಗಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೀವು ಕಂಡಿರಬಹುದು. ಇವನು ಹಿಡಿದದ್ದಕ್ಕೆ ಕಾಲು ಎಂಟೇ ಇದ್ದವು, ಹಟ ಮಾತ್ರ ಅದೇ.

ಪಟ್ಟೆಗಾಲಿನ ಉಣ್ಣೆಗಳಲ್ಲಿ ಎರಡು ಜಾತಿ ಒಂದನ್ನೊಂದು ತೀರ ಹೋಲುತ್ತವೆ. ಅವುಗಳ ಉದ್ದುದ್ದ ಶಾಸ್ತ್ರೀಯ ಹೆಸರಿಗೆ ನಾಲಿಗೆ ಹೊರಳದೆ ಪ್ರಯೋಗಾಲಯದಲ್ಲಿ ಅವನ್ನು ದೊಡ್ಡಮ್ಮ, ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು. ಚಿಕ್ಕಮ್ಮನಿಂದ ಮನುಷ್ಯರಿಗೆ ಏನೂ ಇಲ್ಲ, ತುರಿಕೆ ಅಷ್ಟೆ. ದೊಡ್ಡಮ್ಮ ಕಚ್ಚಿದರೆ, ಅಥವಾ ಅದನ್ನು ಬರಿಗೈಯಲ್ಲಿ ಹಿಸುಕಿದರೆ, ರಕ್ತಜ್ವರ ಬರುತ್ತದೆ. ಒಸಡಿನಿಂದ, ಮೂಗಿನಿಂದ ರಕ್ತ ಹರಿಯುತ್ತದೆ, ಬದುಕಿದವರಿಗಿಂತ ಸತ್ತವರು ಕಮ್ಮಿ ಅಂತ ಸಮಾಧಾನ ಹೇಳುವ ಹಾಗೂ ಇಲ್ಲ. ಇವೆರಡಕ್ಕೂ ಹೊರಗೆ ಕಾಣುವ ವ್ಯತ್ಯಾಸ ಮುಖ್ಯವಾಗಿ ಒಂದು. ಹೊಟ್ಟೆಯ ಎರಡೂ ಪಕ್ಕದಲ್ಲಿ ಉಸಿರಾಡುವ ತೂತುಗಳಿರುವ ಒಂದೊಂದು ತಟ್ಟೆಯಿದೆ. ದೊಡ್ಡಮ್ಮನಿಗೆ ಆ ತಟ್ಟೆಯ ಸುತ್ತ ಬಿಳಿ ಕೂದಲು ದಟ್ಟವಾಗಿರುತ್ತದೆ. ಚಿಕ್ಕಮ್ಮನಿಗೆ ಬೋಳು.

ಭೂತಗನ್ನಡಿ ತನ್ನ ಸರ್ವೀಸಿನಲ್ಲಿ ಒಂದೇ ಒಂದು ದೊಡ್ಡಮ್ಮನನ್ನು ಕಂಡಿರಲಿಲ್ಲ. “ನಮ್ಮ ಕಡೆ ದೊಡ್ಡಮ್ಮ ಇಲ್ಲ” ಅನ್ನುವುದು ಅವನ ತೀರ್ಪು. ನಿರ್ದೇಶಕರು ಅದನ್ನೇ ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಬಹಳ ಹಿಂದೆ ಹೊರದೇಶದ ತಜ್ಞನೊಬ್ಬ ಬಂದು, ಇವನು ಹೆಸರಿಟ್ಟ ಚಿಕ್ಕಮ್ಮನ ಒಂದು ಕಾಲು ಕಿತ್ತುಕೊಂಡು ಹೋಗಿ, ಅದರ ವಂಶವಾಹಿ ಅಕ್ಷರಮಾಲೆಯನ್ನು ಓದಿಸಿ, ಜಗತ್ತಿನವರೆಲ್ಲ ನೋಡುವ ಜೀನ್ ಭಂಡಾರದಲ್ಲಿ ಇವನ ಹೆಸರಿನ ಜೊತೆಗೆ ಸೇರಿಸಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಒಂದು ಸಾಲನ್ನು ಅಚ್ಚು ಹಾಕಿಸಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಕೇಳಿದವರಿಗೆ ತೋರಿಸುತ್ತಿದ್ದ, ಕೇಳದವರಿಗೆ ಮೊದಲು ತೋರಿಸುತ್ತಿದ್ದ.

ಕೆಲವು ವರ್ಷಗಳಿಂದ ಪ್ರಯೋಗಾಲಯದಲ್ಲೇ ಜೀನ್ ಓದುವ ಕೋಣೆ ಬಂದಿತ್ತು. ತಣ್ಣನೆಯ ಗಾಳಿ, ಗಾಜಿನ ಬಾಗಿಲು, ಚಪ್ಪಲಿ ಹೊರಗೆ ಬಿಡಬೇಕು. ಅಲ್ಲಿದ್ದವಳು ಚಿಕ್ಕ ವಯಸ್ಸಿನ ಒಬ್ಬ ಹೆಂಗಸು, ಜೀನ್ ಮೇಡಂ. ಅವಳಿಗೂ ತಿರಸ್ಕಾರದಲ್ಲಿ ಬಡತನವಿರಲಿಲ್ಲ. ಕಣ್ಣಿನಿಂದ ಉಣ್ಣೆ ಗುರುತಿಸುವುದು ಅವಳ ದೃಷ್ಟಿಯಲ್ಲಿ ತಾತನ ಕಾಲದ ಕಸುಬು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಅವನ ಮಾತು ಕೇಳುತ್ತಿದ್ದಳು. ಉಣ್ಣೆಯ ಹೊಟ್ಟೆಯಲ್ಲಿರುವುದು ಅದು ಕಚ್ಚಿದ ಪ್ರಾಣಿಯ ರಕ್ತವಾದ್ದರಿಂದ ಜೀನ್ ಓದುವುದಕ್ಕೆ ಅದರ ಕಾಲೇ ಬೇಕು. ಅವನು ಒಂದು ಕಾಲನ್ನು ಚಿಮಟದಲ್ಲಿ ಕಿತ್ತು, ಭಿಕ್ಷೆ ಹಾಕುವವನ ಹಾಗೆ ಅವಳ ಕೊಳವೆಗೆ ಹಾಕುತ್ತಿದ್ದ. ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿಯಿದ್ದಳು, ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳಿಗೆ ಕಾಗುಣಿತ ಕಲಿಸುವುದು ಕೆಲಸವೇ ಅಂತ ಅವನು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದ. ಅವಳು ಉತ್ತರ ಹೇಳಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅವಳು ಬಹಳ ಪ್ರಶ್ನೆಗಳಿಗೆ ಉತ್ತರ ಹೇಳದೆ ಬಿಟ್ಟಿದ್ದಳು. ಅವನು ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡಿದ್ದ. ಅವಳಿಗೆ ಒಬ್ಬನೇ ತಮ್ಮ. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಆ ಭಾವಮೈದನ ವಿಷಯಕ್ಕೆ ಬಂದರೆ ಭೂತಗನ್ನಡಿಯ ತಿರಸ್ಕಾರಕ್ಕೆ ಹಬ್ಬ. ಭಾವಮೈದ ಸೈಕಲ್ ಅಂಗಡಿ ಇಟ್ಟು ಮುಚ್ಚಿದ್ದ, ಲಾರಿ ಓಡಿಸಿ ಬಿಟ್ಟಿದ್ದ, ಕೋಳಿ ಸಾಕಿ ಕೋಳಿಗಳನ್ನೆಲ್ಲ ಕಾಯಿಲೆಗೆ ಕೊಟ್ಟಿದ್ದ. ಈಗ ಊರಂಚಿನಲ್ಲಿ ತಗಡಿನ ಕೊಟ್ಟಿಗೆ ಹಾಕಿ ಕುರಿ ಸಾಕುತ್ತಿದ್ದ. ಮೈಯೆಲ್ಲ ನಗು, ಮಾತೆಲ್ಲ ಗಟ್ಟಿ. ಮನೆಗೆ ಬಂದರೆ ಕುರಿಯ ವಾಸನೆಯೂ ಬರುತ್ತಿತ್ತು. ಅವನು ಹೋದ ಮೇಲೆ ಭೂತಗನ್ನಡಿ ಕುರ್ಚಿಯನ್ನು ಡೆಟ್ಟಾಲಿನಲ್ಲಿ ಒರೆಸುತ್ತಿದ್ದ, ಹೆಂಡತಿ ನೋಡುತ್ತಿರುವಾಗಲೇ. ಭಾವಮೈದನಿಗೋ, ಭಾವ ಅಂದರೆ ದೇವರಿಗಿಂತ ಒಂದು ಮೆಟ್ಟಲು ಕೆಳಗೆ. ಸಿಕ್ಕವರಿಗೆಲ್ಲ “ನಮ್ಮ ಭಾವ ಉಣ್ಣೆ ಮುಖ ನೋಡಿ ಅದರಪ್ಪನ ಹೆಸರು ಹೇಳ್ತಾರೆ” ಅನ್ನುತ್ತಿದ್ದ.

ಆ ಸಲ ಅವನು ದೂರದ ಸಂತೆಯಿಂದ ಹೊಸ ಟಗರುಗಳನ್ನು ಕೊಂಡು ತಂದ. ಹೊರಗಿನಿಂದ ಬಂದ ಕುರಿಗಳ ಮೈಮೇಲಿನ ಉಣ್ಣೆಯನ್ನು ಕಣ್ಣಿನಿಂದಲೂ ಜೀನಿನಿಂದಲೂ ಎರಡು ಬಗೆಯಲ್ಲಿ ಗುರುತಿಸಿ, ಎರಡೂ ಒಂದಾದರೆ ಮಾತ್ರ ಹಟ್ಟಿಗೆ ಸೇರಿಸಬೇಕು ಅನ್ನುವುದು ಇಲಾಖೆಯ ನಿಯಮ. ಭಾವಮೈದ ಉಪ್ಪಿನಕಾಯಿ ಬಾಟಲಿಯಲ್ಲಿ ಉಣ್ಣೆ ತುಂಬಿಕೊಂಡು ನೇರ ಪ್ರಯೋಗಾಲಯಕ್ಕೇ ಬಂದ.

“ಭಾವ, ಕಾಲಿಗೆ ಪಟ್ಟೆ ಇದೆ ನೋಡಿ. ಇದು ಆ ಕೆಟ್ಟ ಉಣ್ಣೆ ಅಲ್ಲ ತಾನೆ? ಸಂತೇಲಿ ಯಾರೋ ಹೇಳಿದ್ರು, ಮುಟ್ಟಬೇಡ, ಗ್ಲೌಸ್ ಹಾಕ್ಕೋ ಅಂತ.”

“ಸಂತೇಲಿ ಹೇಳಿದ್ರಾ? ಹಾಗಾದ್ರೆ ಅಲ್ಲೇ ಪರೀಕ್ಷೆ ಮಾಡಿಸಬೇಕಿತ್ತು,” ಅಂದ ಭೂತಗನ್ನಡಿ. ಬಾಟಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಸೆಗಣಿ, ಕೂದಲು, ಸತ್ತದ್ದು, ಬದುಕಿದ್ದು ಎಲ್ಲ ಒಟ್ಟಿಗೆ. “ಏನಯ್ಯಾ ಇದು, ಉಣ್ಣೆ ತಂದಿದೀಯೋ ಕೊಟ್ಟಿಗೆ ಗುಡಿಸಿ ತಂದಿದೀಯೋ?”

ಭಾವಮೈದ ನಕ್ಕ. ಅವನ ಮೇಲೆ ಬೈಗುಳ ಬಿದ್ದರೆ ಎಮ್ಮೆಯ ಮೇಲೆ ಮಳೆ ಬಿದ್ದ ಹಾಗೆ. ಭೂತಗನ್ನಡಿ ಸಿಂಕಿಗೆ ಹೋಗಿ ಒಂದೊಂದನ್ನೂ ಎಂದಿಗಿಂತ ಹೆಚ್ಚು ರೋಷದಿಂದ ಉಜ್ಜಿದ. ಆಮೇಲೆ ನೋಡಿದ. ಉಸಿರುತಟ್ಟೆಯ ಸುತ್ತ ಬೋಳು.

“ಚಿಕ್ಕಮ್ಮ. ಗ್ಲೌಸೂ ಬೇಡ, ಗಾಬರಿನೂ ಬೇಡ. ಬರಿಗೈಲಿ ಕಿತ್ತು ಹಿಸುಕು. ನಿನ್ನ ಕೈಗೆ ಏನಾಗುತ್ತೆ, ಆ ಉಣ್ಣೆಗೇ ಏನಾದ್ರೂ ಆಗಬೇಕು ಅಷ್ಟೆ.”

ಕಾಲು ಜೀನ್ ಕೋಣೆಗೆ ಹೋಯಿತು. ಫಲಿತಾಂಶ ಬಂದ ದಿನ ಜೀನ್ ಮೇಡಂ ಹೆಡ್‌ಫೋನ್ ತೆಗೆದು ಅವನನ್ನು ಕರೆದಳು. ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಡುವಾಗ ಅವನ ಮುಖ ನೋಡಬೇಕಿತ್ತು. ಪರದೆಯ ಮೇಲೆ, ಈ ಕಾಲಿನ ಅಕ್ಷರಮಾಲೆ ಭಂಡಾರದಲ್ಲಿರುವ ಯಾವ ಯಾವ ಉಣ್ಣೆಯದನ್ನು ಹೋಲುತ್ತದೆ ಅಂತ ಸಾಲುಗಳು ಒಂದರ ಕೆಳಗೊಂದು ನಿಂತಿದ್ದವು, ಹೆಚ್ಚು ಹೋಲುವುದು ಎಲ್ಲಕ್ಕಿಂತ ಮೇಲೆ.

“ಸಾರ್, ಮೊದಲನೇ ಸಾಲು ಚಿಕ್ಕಮ್ಮ ಅಂತಿದೆ, ಸರಿ. ಆದ್ರೆ ಅದರ ಕೆಳಗಿರೋವೆಲ್ಲ ದೊಡ್ಡಮ್ಮ ಅಂತಿವೆ. ಬೇರೆ ಬೇರೆ ದೇಶದವರದು.”

“ಮೊದಲನೇದು ಯಾರದು ನೋಡಮ್ಮ.”

“ನಿಮ್ಮದೇ.”

“ಮತ್ತೆ? ಮನೇಲಿ ತಾಯಿ ಇರುವಾಗ ಮಗು ಯಾರದು ಅಂತ ಪಕ್ಕದ ಬೀದಿಯವರನ್ನ ಕೇಳ್ತಾರಾ? ಕೆಳಗಿನವರು ನಿನ್ನ ಹಾಗೆ. ಉಣ್ಣೆ ಮುಖ ಕಂಡವರಲ್ಲ, ಕಾಲು ಅರೆದು ಹೆಸರು ಅಂಟಿಸಿದೋರು. ಆ ಕಸನೆಲ್ಲ ಓದ್ತಾ ಕೂತ್ರೆ ಸಂಬಳ ಯಾಕೆ ಕೊಡ್ತಾರೆ?”

ಅವಳು ವಾದ ಮಾಡಬಹುದಿತ್ತು. ಈ ಮುದುಕಪ್ಪನ ಜೊತೆ ವಾದವೇ ಅಂತ ಅವಳಿಗೂ ಅನ್ನಿಸಿತು. ಭುಜ ಕುಣಿಸಿ, ಚಿಕ್ಕಮ್ಮ ಅಂತ ಬರೆದು ಸಹಿ ಹಾಕಿದಳು. ಒಬ್ಬರನ್ನೊಬ್ಬರು ಕಾಲಕಸವಾಗಿ ಕಾಣುವ ಇಬ್ಬರು ಸೇರಿ ಅವತ್ತು ಒಂದೇ ಮಾತು ಹೇಳಿದರು. ಇಲಾಖೆಯ ನಿಯಮಕ್ಕೆ ಸಂತೋಷವಾಯಿತು. ಟಗರುಗಳು ಹಟ್ಟಿ ಸೇರಿದವು. ಭಾವಮೈದ ಬರಿಗೈಯಲ್ಲಿ ಉಣ್ಣೆ ಕಿತ್ತು, ಹೆಬ್ಬೆರಳ ಉಗುರುಗಳ ನಡುವೆ ಚಿಟ್ ಚಿಟ್ ಅನ್ನಿಸುತ್ತ ಕೂತ.

ಎರಡನೆಯ ವಾರ ಅವನಿಗೆ ಜ್ವರ ಬಂತು. ಮೈಕೈ ನೋವು, ಕಣ್ಣು ಕೆಂಪು. ಹಲ್ಲುಜ್ಜುವಾಗ ಬಾಯಿ ತುಂಬ ರಕ್ತ ಬಂದದ್ದನ್ನು ಕಂಡು ಅವನ ಹೆಂಡತಿ ಆಸ್ಪತ್ರೆಗೆ ಸೇರಿಸಿದಳು. ಭೂತಗನ್ನಡಿ ಸುದ್ದಿ ಕೇಳಿ “ಕಂಡಕಂಡಲ್ಲಿ ತಿಂದಿರ್ತಾನೆ” ಅಂದ. ಹೆಂಡತಿ ಶಾಲೆಗೆ ರಜೆ ಹಾಕಿ ಹೋಗಿ ತಮ್ಮನ ಮಂಚದ ಪಕ್ಕ ಕೂತಳು.

ಮಾರನೆಯ ದಿನ ಅವನೂ ಹೋಗಬೇಕಾಯಿತು. ಉದ್ದನೆಯ ವಾರ್ಡು, ಒತ್ತೊತ್ತಾಗಿ ಕಬ್ಬಿಣದ ಮಂಚಗಳು. ಭಾವಮೈದ ಕೊನೆಯ ಮಂಚದಲ್ಲಿ, ತುಟಿ ಕಪ್ಪಾಗಿ, ಸೂಜಿ ಚುಚ್ಚಿದ ಕಡೆಯೆಲ್ಲ ನೀಲಿಗಟ್ಟಿ ಮಲಗಿದ್ದ. ಭಾವನನ್ನು ಕಂಡು ಏಳಲು ನೋಡಿದ. ಅವನನ್ನು ನೋಡುತ್ತಿದ್ದ ಡಾಕ್ಟರು ಕಣ್ಣಿಗೆ ನಿದ್ದೆಯಿಲ್ಲದ ಯುವಕ. ಭೂತಗನ್ನಡಿಯನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಕೇಳಿದ.

“ನೀವೇ ಅಲ್ವಾ ಉಣ್ಣೆ ನೋಡಿದೋರು? ಲಕ್ಷಣ ಎಲ್ಲ ರಕ್ತಜ್ವರದ ಹಾಗೇ ಇದೆ. ಆದ್ರೆ ಪೇಷೆಂಟೇ ಹೇಳ್ತಾರೆ, ಉಣ್ಣೇದಲ್ಲ, ನಮ್ಮ ಭಾವ ನೋಡಿದಾರೆ ಅಂತ. ನಿಮ್ಮ ಪ್ರಯೋಗಾಲಯದ ರಿಪೋರ್ಟೂ ಹಾಗೇ ಇದೆ. ರಕ್ತಜ್ವರ ಆದ್ರೆ ಬೇರೆ ಕೋಣೆಗೆ ಹಾಕಬೇಕು, ಔಷಧಿ ಬೇರೆ. ಅದರ ಪರೀಕ್ಷೆಗೆ ರಕ್ತ ದೂರ ಕಳಿಸಬೇಕು, ಕಾರಣ ಇಲ್ಲದೆ ತಗೊಳಲ್ಲ ಅವರು. ನಿಮಗೆ ಖಾತ್ರಿನಾ?”

“ನಮ್ಮ ಕಡೆ ದೊಡ್ಡಮ್ಮ ಇಲ್ಲ,” ಅಂದ ಭೂತಗನ್ನಡಿ.

“ಯಾವ ದೊಡ್ಡಮ್ಮ?”

“ನಿಮಗೆ ಅರ್ಥ ಆಗೋದಲ್ಲ ಬಿಡಿ. ಕಣ್ಣಲ್ಲೂ ನೋಡಿದೀವಿ, ಜೀನಲ್ಲೂ ನೋಡಿದೀವಿ. ಬೇರೆ ಏನಾದ್ರೂ ಹುಡುಕಿ.”

ಡಾಕ್ಟರು ಹಣೆ ಒತ್ತಿಕೊಂಡು ಹೋದ. ಭೂತಗನ್ನಡಿ ಹೊರಡುವಾಗ ಭಾವಮೈದನ ಹೆಂಡತಿ ಓಡಿಬಂದು ಖಾಲಿ ಮಾತ್ರೆ ಡಬ್ಬಿಯೊಂದನ್ನು ಕೊಟ್ಟಳು. “ಅಣ್ಣಾ, ಇವತ್ತು ಮೈ ಒರೆಸುವಾಗ ಇವರ ಬೆನ್ನಲ್ಲಿ ಕಚ್ಚಿಕೊಂಡಿತ್ತು. ನರ್ಸಮ್ಮ ಚಿಮಟದಲ್ಲಿ ತೆಗೆದ್ರು. ನೀವು ಒಂದ್ಸಲ ನೋಡಿಬಿಟ್ರೆ ನಮಗೆ ಧೈರ್ಯ.” ಅವನು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ, ಕರವಸ್ತ್ರದಲ್ಲಿ ಸುತ್ತಿ.

ಪ್ರಯೋಗಾಲಯಕ್ಕೆ ಬಂದರೆ ಅವನ ಕೋಣೆಯಲ್ಲಿ ಜೀನ್ ಮೇಡಂ ನಿಂತಿದ್ದಳು. ಅವಳು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಭಾವಮೈದನ ಜ್ವರದ ಸುದ್ದಿ ಅವಳಿಗೂ ಮುಟ್ಟಿತ್ತು, ಮುಖ ಬಿಳಿಚಿಕೊಂಡಿತ್ತು.

“ಸಾರ್, ಆ ಸಾಲುಗಳನ್ನ ಮತ್ತೆ ಓದಿದೆ. ಪೂರ್ತಿ, ಕೆಳಗಿನವರೆಗೂ. ಬೇರೆಯವರು ಕಳಿಸಿರೋ ಚಿಕ್ಕಮ್ಮಂದಿರು ಎಲ್ಲೋ ತಳದಲ್ಲಿದಾರೆ, ಇದಕ್ಕೆ ಹೋಲೋದೇ ಇಲ್ಲ. ಚಿಕ್ಕಮ್ಮ ಅಂತ ಮೇಲೆ ಇರೋದು ನಿಮ್ಮದೊಂದೇ. ನೀವು ಹೆಸರಿಟ್ಟಿದ್ದನ್ನ ನಿಮ್ಮದೇ ಹೆಸರಿಂದ ಪರೀಕ್ಷೆ ಮಾಡಿದೀವಿ. ಅದೇ ತಪ್ಪಾಗಿದ್ರೆ?”

“ಕುಣಿಯೋಕೆ ಬರದೋಳಿಗೆ ನೆಲ ಡೊಂಕು. ನಿನ್ನ ಯಂತ್ರ ಕೆಟ್ಟಿರಬೇಕು.” ಅವನು ಡಬ್ಬಿ ತೆಗೆದ. “ನೋಡು, ಅವನ ಬೆನ್ನಿಂದ ಈಗ ತಾನೆ ತೆಗೆದಿದ್ದು. ನಿನ್ನೆದುರಿಗೇ ತೋರಿಸ್ತೀನಿ.”

ಅವನು ಉಣ್ಣೆಯನ್ನು ಹಿಡಿದು ಸಿಂಕಿನ ಕಡೆ ತಿರುಗಿದ. ಅವಳು ಅಡ್ಡ ನಿಂತಳು.

“ತೊಳೀಬೇಡಿ. ಹಾಗೇ ನೋಡಿ.”

“ಗಲೀಜನ್ನ ನೋಡೋ ಅಭ್ಯಾಸ ನನಗಿಲ್ಲ.”

“ಮನುಷ್ಯನ ಬೆನ್ನಿಂದ ಬಂದಿದ್ದು ಸಾರ್, ಸೆಗಣಿ ಎಲ್ಲಿಂದ ಬರುತ್ತೆ? ಹಾಗೇ ನೋಡಿ.”

ಇವಳ ಬಾಯಿ ಮುಚ್ಚಿಸಿದರೆ ಸಾಕು ಅಂತ ಅವನು ಹಾಗೇ ಇಟ್ಟ. ಒಂದು ಕಣ್ಣು ಮುಚ್ಚಿ ಬಗ್ಗಿದ. ಉಣ್ಣೆ ಅಂಗಾತ ಮಲಗಿತ್ತು. ಪಕ್ಕೆಯ ತಟ್ಟೆಯ ಸುತ್ತ ಏನೋ ಬೆಳ್ಳಗೆ ಇತ್ತು. ಕರವಸ್ತ್ರದ ನೂಲು ಅಂದುಕೊಂಡ. ಬೆಳಕು ಹೆಚ್ಚಿಸಿದ. ನೂಲು ಹೀಗೆ ಸಾಲಾಗಿ, ಒಂದೇ ಉದ್ದಕ್ಕೆ, ಚರ್ಮದಿಂದಲೇ ಹುಟ್ಟಿ ನಿಲ್ಲುವುದಿಲ್ಲ. ಆದರೂ ನೂಲೇ ಅಂದುಕೊಂಡ. ನೂಲಾದರೆ ಹೋಗಲಿ ಅಂತ ಬ್ರಷ್ ತಂದು, ಒಂದು ಪಕ್ಕೆಯನ್ನು ಮಾತ್ರ, ತಾನು ದಿನಾ ಉಜ್ಜುವ ಹಾಗೆ ಉಜ್ಜಿದ. ಮತ್ತೆ ಬಗ್ಗಿದ.

ಉಜ್ಜಿದ ಪಕ್ಕೆ ಬೋಳು. ಉಜ್ಜದ ಪಕ್ಕೆಯಲ್ಲಿ ದಟ್ಟ ಬಿಳಿ ಕೂದಲು. ಒಂದೇ ಉಣ್ಣೆ, ಎಡಕ್ಕೆ ಚಿಕ್ಕಮ್ಮ, ಬಲಕ್ಕೆ ದೊಡ್ಡಮ್ಮ.

ತಾನು ನೋಡುವುದಕ್ಕೆ ಬೇಕಾದ ಗುರುತನ್ನು ನೋಡುವ ಮೊದಲೇ ಕೈಯಾರೆ ಕಿತ್ತುಹಾಕಿ, ಆಮೇಲೆ ಕಣ್ಣು ಅಗಲ ಮಾಡಿ ಹುಡುಕುತ್ತಿದ್ದ ಮನುಷ್ಯನನ್ನು ಏನೆನ್ನಬೇಕು? ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನ ಬಾಯಲ್ಲಿ ಪದಗಳಿಗೆ ಬರವಿರುತ್ತಿರಲಿಲ್ಲ. ತನಗಾಗಿ ಅವನು ಒಂದನ್ನೂ ಇಟ್ಟುಕೊಂಡಿರಲಿಲ್ಲ.

“ಹಾಗಾದ್ರೆ ಹಿಂದೆ ಬಂದಿದ್ವಲ್ಲ ಸಾರ್,” ಅಂದಳು ಜೀನ್ ಮೇಡಂ ಮೆಲ್ಲಗೆ, “ಅವೆಲ್ಲ?” ತಾನು ಭುಜ ಕುಣಿಸಿ ಹಾಕಿದ ಸಹಿ ಅವಳಿಗೂ ನೆನಪಾಗಿರಬೇಕು.

ಫೋನು ಮೇಜಿನ ಮೇಲೇ ಇತ್ತು. ಅದನ್ನು ಎತ್ತುವ ಮೊದಲು ಅವನ ತಲೆಯಲ್ಲಿ ಹಾದುಹೋದದ್ದನ್ನೂ ಹೇಳಿಬಿಡಬೇಕು. ಯಂತ್ರ ಕೆಟ್ಟಿತ್ತು ಅನ್ನಬಹುದು. ಬಾಟಲಿಯಲ್ಲಿ ಎರಡೂ ಜಾತಿ ಬೆರೆತಿದ್ದವು ಅನ್ನಬಹುದು. ಇವಳು ಕಾಲು ಅದಲುಬದಲು ಮಾಡಿದಳು ಅನ್ನಬಹುದು, ಸಹಿ ಅವಳದೂ ಇದೆಯಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಅಷ್ಟರಲ್ಲಿ ಕಪ್ಪಾದ ಆ ತುಟಿ, ಏಳಲು ನೋಡಿದ ಆ ಪೆದ್ದು ಮನುಷ್ಯ ಕಣ್ಣೆದುರು ಬಂದ. ಭೂತಗನ್ನಡಿ ಡಾಕ್ಟರಿಗೆ ಫೋನು ಮಾಡಿದ.

“ಅದು ರಕ್ತಜ್ವರದ ಉಣ್ಣೆನೇ. ನಾನು ನೋಡಿದ್ದು ತಪ್ಪು.”

“ಬೆಳಗ್ಗೆ ನನಗೆ ಅರ್ಥ ಆಗಲ್ಲ ಅಂದಿದ್ರಿ,” ಅಂದ ಡಾಕ್ಟರು. “ಇರಲಿ. ಅವರನ್ನ ಬರಿಗೈಲಿ ಮುಟ್ಟಿದೋರು ಎಷ್ಟು ಜನ ಅಂತ ಈಗ ನಾನು ಪಟ್ಟಿ ಮಾಡಬೇಕು. ಇಡ್ತೀನಿ.” ತನ್ನ ಜನ್ಮದಲ್ಲಿ ಎಷ್ಟೋ ಸಲ ಬೇರೆಯವರ ಕಿವಿಯಲ್ಲಿ ಫೋನು ಕುಕ್ಕಿದವನು ಅವತ್ತು ಕುಕ್ಕಿಸಿಕೊಂಡ.

ಭಾವಮೈದನನ್ನು ಬೇರೆ ಕೋಣೆಗೆ ಹಾಕಿದರು. ಔಷಧಿ ಬದಲಾಯಿತು, ಬಾಟಲಿ ಬಾಟಲಿ ರಕ್ತ ಏರಿಸಿದರು. ಕೋಣೆಯ ಹೊರಗಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಅವಳಿಗೂ ಭಾವಮೈದನ ಹೆಂಡತಿಗೂ ದಿನಾ ಜ್ವರ ಇದೆಯೇ ಅಂತ ನೋಡುತ್ತಿದ್ದರು, ಅವರಿಗೆ ಬರಲಿಲ್ಲ. ಭೂತಗನ್ನಡಿ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದ. ಯಾಕೆ ಔಷಧಿ ಬದಲಾಯಿತು ಅಂತ ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಡಾಕ್ಟರಿಗೆ ಹೇಳಿದಷ್ಟು ಸುಲಭವಾಗಿ ಈ ಮಾತು ಮನೆಯವರ ಮುಂದೆ ಬಾಯಿಗೆ ಬರುತ್ತಿರಲಿಲ್ಲ.

ಭಾವಮೈದ ಬದುಕಿದ. ಅರ್ಧ ಇಳಿದುಹೋಗಿ, ಕೂದಲುದುರಿ, ದನಿ ಸಣ್ಣಗಾಗಿ, ಆದರೂ ಬದುಕಿದ. ಅವನನ್ನು ಮತ್ತೆ ದೊಡ್ಡ ವಾರ್ಡಿಗೆ ತಂದ ದಿನ ಎಲ್ಲರೂ ಮಂಚದ ಸುತ್ತ ಸೇರಿದರು. ದಿಂಬಿಗೊರಗಿ ಕೂತವನೇ ಪಕ್ಕದ ಮಂಚದವನಿಗೆ ಶುರುಮಾಡಿದ. “ನಮ್ಮ ಭಾವ ಇವರೇ. ಡಾಕ್ಟರು ತಲೆ ಕೆರಕೊಳ್ತಾ ಇದ್ರು. ಇವರು ಒಂದು ಉಣ್ಣೆ ನೋಡಿ ಕಾಯಿಲೆ ಹೆಸರು ಹೇಳಿದ್ರು. ನನ್ನ ಜೀವ ಉಳಿಸಿದ್ದೇ ಇವರು.”

ಪಕ್ಕದ ಮಂಚದವನು ಕೈ ಮುಗಿದ. ಭೂತಗನ್ನಡಿಯ ಮೈಯೆಲ್ಲ ಉರಿದುಹೋಯಿತು. ಹೊಗಳಿಕೆಯನ್ನು ಅವನು ಎಂದೂ ಬೇಡ ಅಂದವನಲ್ಲ, ಸಾಲದು ಅಂದವನು. ಅವತ್ತು ಮಾತ್ರ ಅದನ್ನು ನುಂಗಲಾಗಲಿಲ್ಲ.

“ನಾನು ಉಳಿಸಲಿಲ್ಲ ಕಣೋ,” ಅಂದ. “ಈ ಜ್ವರ ನಿನಗೆ ಬಂದಿದ್ದೇ ನನ್ನಿಂದ. ನೀನು ತಂದಿದ್ದು ಕೆಟ್ಟ ಉಣ್ಣೆನೇ. ಉಜ್ಜೀ ಉಜ್ಜೀ ಅದರ ಗುರುತು ನಾನೇ ಅಳಿಸಿದೆ. ಗ್ಲೌಸ್ ಬೇಡ ಅಂದೋನೂ ನಾನೇ. ಆ ಮೇಡಂ ಅವತ್ತೇ ಅನುಮಾನ ಪಟ್ಟಿದ್ರು, ಬಾಯಿ ಮುಚ್ಚಿಸಿದೆ. ತಪ್ಪೆಲ್ಲ ನನ್ನದು.”

ಭಾವಮೈದ ಅವನ ಮುಖವನ್ನೇ ನೋಡಿದ. ಆಮೇಲೆ ಕೆಮ್ಮು ಬರುವವರೆಗೆ ನಕ್ಕ.

“ನೋಡೇ ಅಕ್ಕ, ನಮ್ಮ ಭಾವಂದು ಎಂಥ ದೊಡ್ಡ ಮನಸ್ಸು! ಆ ಜೀನ್ ಹುಡುಗಿ ಮಾಡಿರೋ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದಾರೆ. ಅವಳ ಕೆಲಸ ಹೋಗಬಾರದು ಅಂತ. ಭಾವ, ನೀವು ಉಣ್ಣೆ ನೋಡಿ ತಪ್ಪೋದುಂಟಾ? ಯಾರ ಹತ್ರ ಹೇಳ್ತಿದೀರ!”

“ಅಲ್ಲ ಕಣೋ, ನಿಜವಾಗ್ಲೂ—”

“ಸುಮ್ಮನಿರಿ ಭಾವ,” ಅಂದ ಭಾವಮೈದ ಕಣ್ಣೊರೆಸಿಕೊಳ್ಳುತ್ತ. ಅವನ ಹೆಂಡತಿಯೂ “ಹೌದಣ್ಣಾ, ನೀವು ತಪ್ಪೋದು ಎಲ್ಲಾದರೂ ಉಂಟೇ” ಅಂದಳು. ಪಕ್ಕದ ಮಂಚದವನು ಇನ್ನೊಮ್ಮೆ ಕೈ ಮುಗಿದ. ಇಷ್ಟು ವರ್ಷ ಯಾರ ಮಾತನ್ನೂ ನಂಬದೆ ಬದುಕಿದವನು ತನ್ನ ಒಂದು ನಿಜವಾದ ಮಾತನ್ನು ನಂಬುವವರಿಗಾಗಿ ಆ ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಹೆಂಡತಿಯನ್ನು ನೋಡಿದ.

ಅವಳು ಸ್ಟೂಲಿನ ಮೇಲೆ ಕೂತು ತಮ್ಮನಿಗೆ ಕಿತ್ತಳೆ ಸುಲಿಯುತ್ತಿದ್ದಳು. ಅವಳು ನಗಲಿಲ್ಲ, ಬೆಚ್ಚಲಿಲ್ಲ, ಹೌದಾ ಅಂತ ಕೇಳಲಿಲ್ಲ. ಕೇಳಿದ ತಕ್ಷಣ ಪೂರ್ತಿ ನಂಬಿದ್ದಳು. ತೊಳೆಗಳನ್ನೆಲ್ಲ ಬಿಡಿಸಿ ತಮ್ಮನ ಅಂಗೈಗೆ ಹಾಕಿದಳು. ಸಿಪ್ಪೆಯನ್ನು ಗಂಡನ ಕೈಗೆ ಕೊಟ್ಟು, “ಹೊರಗೆ ಹಾಕಿ ಬನ್ನಿ,” ಅಂದಳು.

ಅವನು ಸಿಪ್ಪೆ ಹಿಡಿದುಕೊಂಡು ಹೊರಗೆ ಹೋದ.